ಆಟಿಸಂ ಮತ್ತು ಕಾಂಡಕೋಶ ಚಿಕಿತ್ಸೆ: ಮಗು ಸುಧಾರಿಸಿದ್ದು ಯಾವುದರಿಂದ?

ಆಟಿಸಂ ಇರುವ ಮಕ್ಕಳಿಗೆ ಕಾಂಡಕೋಶ ಚಿಕಿತ್ಸೆಯನ್ನು ಯಾವುದೇ ಸಾಮಾನ್ಯ ಚಿಕಿತ್ಸೆಯಂತೆ ಹಣ ಪಡೆದು ಕೊಡುವಂತಿಲ್ಲ, ಅನುಮೋದನೆ ಪಡೆದ, ಚಿಕಿತ್ಸೆ ಫಲಿಸುತ್ತದೆಯೇ ಎಂದು ಕ್ರಮಬದ್ಧವಾಗಿ ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್‌ನ ಚೌಕಟ್ಟಿನೊಳಗೆ ಮಾತ್ರ ಅದನ್ನು ಪ್ರಯೋಗಿಸಬಹುದು ಎಂದು ಸುಪ್ರೀಂ ಕೋರ್ಟ್ 2026ರ ಜನವರಿ 30ರಂದು ತೀರ್ಪು ನೀಡಿತು. ಕಾನೂನಿನ ಮಟ್ಟಿಗೆ ಇದು ದೊಡ್ಡ ತೀರ್ಮಾನ. ಆದರೆ ಮಗುವನ್ನು ಎತ್ತಿಕೊಂಡು ಊರೂರು ಅಲೆಯುತ್ತಿರುವ ಅಪ್ಪ ಅಮ್ಮಂದಿರ ಪ್ರಶ್ನೆ ಬೇರೆಯದು. ಇಷ್ಟು ಮಂದಿ ಮಕ್ಕಳಿಗೆ ಗುಣ ಕಂಡಿದೆ ಎನ್ನುತ್ತಾರೆ, ವಿಡಿಯೊಗಳಿವೆ, ಅಂಕಿ ಅಂಶಗಳಿವೆ, ಹಾಗಿದ್ದರೂ ಬೇಡವೆನ್ನುವುದು ಏಕೆ ಎಂಬುದು ಅವರ ಪ್ರಶ್ನೆ. ಅದಕ್ಕೆ ನ್ಯಾಯಾಲಯದ ಆದೇಶವನ್ನು ತೋರಿಸಿ ಸುಮ್ಮನಾಗುವುದು ಸರಿಯಲ್ಲ; ವಿಜ್ಞಾನ ಏನು ಕಂಡುಕೊಂಡಿದೆ ಎಂಬುದನ್ನು ಬಿಡಿಸಿ ಹೇಳಬೇಕು.

ಆ ತಂದೆ ತಾಯಿಯರ ಸ್ಥಿತಿಯಿಂದಲೇ ಆರಂಭಿಸಬೇಕು, ಏಕೆಂದರೆ ಈ ವ್ಯವಹಾರವೆಲ್ಲ ನಿಂತಿರುವುದು ಅದರ ಮೇಲೆ. ಒಂದೂವರೆ ವರ್ಷಕ್ಕೆ 'ಅಮ್ಮ', 'ತಾತ' ಎನ್ನುತ್ತಿದ್ದ ಮಗು ಎರಡು ದಾಟುವ ಹೊತ್ತಿಗೆ ಆ ಮಾತುಗಳನ್ನೂ ಬಿಟ್ಟಿರುತ್ತದೆ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಆಟದ ಕಾರನ್ನು ಓಡಿಸದೆ ಅದರ ಚಕ್ರವನ್ನೇ ಗಂಟೆಗಟ್ಟಲೆ ತಿರುಗಿಸುತ್ತ ಕೂರುತ್ತದೆ. 'ಅವರಪ್ಪನೂ ತಡವಾಗಿಯೇ ಮಾತು ಕಲಿತದ್ದು, ಸುಮ್ಮನಿರಿ' ಎಂದು ಮನೆಯ ಹಿರಿಯರು ಸಮಾಧಾನ ಹೇಳುವುದರಲ್ಲಿ ಮತ್ತೊಂದು ವರ್ಷ ಕಳೆಯುತ್ತದೆ. ಕೊನೆಗೆ ಆಸ್ಪತ್ರೆಯಲ್ಲಿ ಆಟಿಸಂ ಎಂದು ತಿಳಿದಾಗ ತಾಯಿ ಮೊದಲು ಕೇಳುವುದು 'ಗುಣ ಆಗುತ್ತಾ ಡಾಕ್ಟ್ರೇ?' ಎಂದೇ. ಪ್ರಾಮಾಣಿಕರಾದ ವೈದ್ಯರು ಇದು ಔಷಧಿಯಿಂದ ಹೋಗುವಂಥದ್ದಲ್ಲ, ತರಬೇತಿ ಬೇಕು, ವರ್ಷಗಳು ಬೇಕು ಎನ್ನುತ್ತಾರೆ. ಅದೇ ರಾತ್ರಿ ಮೊಬೈಲಿನಲ್ಲಿ ಹುಡುಕಿದರೆ 'ಹೊಸ ಆಶಾಕಿರಣ' ಎಂಬ ಜಾಹೀರಾತು ಎದುರಾಗುತ್ತದೆ. ಒಬ್ಬರು ವರ್ಷಗಳ ದುಡಿಮೆಯ ಮಾತನಾಡಿದರೆ, ಇನ್ನೊಬ್ಬರು ಒಂದು ವಾರದ ದಾಖಲಾತಿಯ ಮಾತನಾಡುತ್ತಾರೆ. ತಂದೆ ತಾಯಿ ಎರಡನೆಯವರ ಕಡೆ ವಾಲಿದರೆ ಅದನ್ನು ಅವರ ತಿಳಿಗೇಡಿತನ ಎನ್ನಲು ನಾನು ಸಿದ್ಧನಿಲ್ಲ.

ಕಾಂಡಕೋಶ ಎಂಬುದೇನೂ ಹುಸಿ ಮಾತಲ್ಲ. ತನ್ನಂಥದೇ ಕೋಶಗಳನ್ನು ಮತ್ತೆ ಮತ್ತೆ ಹುಟ್ಟಿಸುತ್ತ, ಬೇಕಾದಾಗ ಬೇರೆ ಬಗೆಯ ಕೋಶಗಳಾಗಿಯೂ ಬೆಳೆಯಬಲ್ಲ ಮೂಲಕೋಶ ಅದು. ಅಸ್ಥಿಮಜ್ಜೆಯಲ್ಲಿ, ಅಂದರೆ ಮೂಳೆಯೊಳಗಿನ ಮೆದು ಭಾಗದಲ್ಲಿ, ಇರುವ ಕಾಂಡಕೋಶಗಳೇ ನಮ್ಮ ರಕ್ತದ ಎಲ್ಲ ಕಣಗಳನ್ನೂ ತಯಾರಿಸುತ್ತವೆ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ ಮುಂತಾದ ಕಾಯಿಲೆಗಳಲ್ಲಿ ಅಸ್ಥಿಮಜ್ಜೆಯ ಕಸಿ ಲಕ್ಷಾಂತರ ಜೀವಗಳನ್ನು ಉಳಿಸಿದೆ. ಅದಕ್ಕೆ ದಾರಿ ತೋರಿದ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಅಲ್ಲಿ ಕಸಿ ಫಲಿಸುವುದಕ್ಕೆ ಸ್ಪಷ್ಟ ಕಾರಣವಿದೆ. ಕೆಟ್ಟಿರುವುದು ರಕ್ತ ತಯಾರಿಸುವ ಕೋಶ, ಹಾಕುತ್ತಿರುವುದೂ ರಕ್ತ ತಯಾರಿಸುವ ಕೋಶ. ಈ ಹೊಂದಾಣಿಕೆ ಇರುವುದರಿಂದಲೇ ಆ ಚಿಕಿತ್ಸೆ ನಿಜವಾದ ಚಿಕಿತ್ಸೆಯಾಗಿದೆ, ಆ ಯಶಸ್ಸಿನ ಹೆಸರನ್ನು ಬೇರೆ ಕಾಯಿಲೆಗಳಿಗೂ ಎರವಲು ತರುವುದು ಸುಲಭವಾಗಿದೆ.

ಆಟಿಸಂನಲ್ಲಿ ಅಂಥ ಹೊಂದಾಣಿಕೆ ಕಾಣುವುದಿಲ್ಲ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಹನ್ನೊಂದು ಮಕ್ಕಳ ವಿವರಗಳೊಂದಿಗೆ ಇದನ್ನು ಮೊದಲು ಬಣ್ಣಿಸಿದಂದಿನಿಂದ ನಡೆದ ಸಂಶೋಧನೆಗಳು ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತವೆ: ಇದು ಮಿದುಳು ಗರ್ಭದಲ್ಲಿಯೇ ಕಟ್ಟಿಕೊಳ್ಳುವ ರೀತಿಯಲ್ಲಿನ ಭಿನ್ನತೆ. ಇದರಲ್ಲಿ ಅನುವಂಶೀಯತೆಯ ಪಾಲು ಬಹಳ ದೊಡ್ಡದು. ನಂಟಿರುವ ಜೀನ್‌ಗಳು ನೂರಾರು. ಪಾರ್ಕಿನ್ಸನ್ ಕಾಯಿಲೆಯಲ್ಲಿ ನಿರ್ದಿಷ್ಟ ಜಾಗದ ನಿರ್ದಿಷ್ಟ ನರಕೋಶಗಳು ಸತ್ತಿರುವಂತೆ, ಇಲ್ಲಿ ಸತ್ತುಹೋದ ಅಥವಾ ಕಾಣೆಯಾದ ಒಂದು ಬಗೆಯ ಕೋಶವಿಲ್ಲ. ಯಾವುದನ್ನು ಯಾವುದರಿಂದ ತುಂಬುವುದು? ಅಲ್ಲದೆ ಮಗುವಿನ ಸ್ವಂತ ಅಸ್ಥಿಮಜ್ಜೆಯಿಂದ ತೆಗೆದ ಕೋಶಗಳಲ್ಲಿ ಮಗುವಿಗಿರುವ ಜೀನ್‌ಗಳೇ ಇರುತ್ತವೆ ಎಂಬುದನ್ನು ಮರೆಯಬಾರದು. ಹೀಗಾಗಿ ಸಂಶೋಧಕರು ಕೋಶ ತುಂಬುವ ಮಾತನ್ನು ಬಿಟ್ಟು ಬೇರೆ ಊಹೆಯನ್ನು ಮುಂದಿಟ್ಟರು. ಆಟಿಸಂ ಇರುವ ಕೆಲವರ ಮಿದುಳಿನಲ್ಲಿ ಉರಿಯೂತದ, ರೋಗನಿರೋಧಕ ವ್ಯವಸ್ಥೆಯ ಏರುಪೇರಿನ ಲಕ್ಷಣಗಳು ಕಂಡಿವೆ. ಕಾಂಡಕೋಶಗಳು ಸ್ರವಿಸುವ ಕೆಲವು ವಸ್ತುಗಳು ಉರಿಯೂತವನ್ನು ತಗ್ಗಿಸಬಲ್ಲವು. ಆದ್ದರಿಂದ ಉಪಯೋಗವಾಗಬಹುದು ಎಂಬುದು ಆ ಊಹೆ. ಇದು ಪರೀಕ್ಷಿಸಿ ನೋಡಲು ಯೋಗ್ಯವಾದ ಊಹೆಯೇ. ಆದರೆ ರಕ್ತನಾಳಕ್ಕೆ ಕೊಟ್ಟ ಇಂಥ ಕೆಲವು ಬಗೆಯ ಕೋಶಗಳಲ್ಲಿ ಹೆಚ್ಚಿನವು ಮಿದುಳು ತಲುಪುವ ಮೊದಲೇ ಶ್ವಾಸಕೋಶದಲ್ಲಿ ಸಿಕ್ಕಿಬೀಳುತ್ತವೆ ಎಂಬುದೂ ಗೊತ್ತಿರುವ ಸಂಗತಿ.

ನಮ್ಮ ದೇಶದ ಕ್ಲಿನಿಕ್‌ಗಳಲ್ಲಿ ಹೆಚ್ಚು ಬಳಕೆಗೆ ಬಂದ ವಿಧಾನ ಇನ್ನೂ ನೇರವಾದದ್ದು. ಮಗುವಿಗೆ ಅರಿವಳಿಕೆ ಕೊಟ್ಟು, ಸೊಂಟದ ಮೂಳೆಗೆ ದಪ್ಪ ಸೂಜಿ ಚುಚ್ಚಿ ಅಸ್ಥಿಮಜ್ಜೆಯನ್ನು ಹೀರಿ ತೆಗೆಯುತ್ತಾರೆ. ಪ್ರಯೋಗಾಲಯದಲ್ಲಿ ಅದರಿಂದ ಕೋಶಗಳನ್ನು ಬೇರ್ಪಡಿಸಿ, ಬೆನ್ನುಮೂಳೆಯ ಕೆಳಭಾಗದಲ್ಲಿ ಮತ್ತೊಂದು ಸೂಜಿ ಹಾಕಿ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಬಿಡುತ್ತಾರೆ. ಮುಟ್ಟಿದರೆ ಬೆಚ್ಚಿಬೀಳುವ, ಹೊಸ ಜಾಗದ ಬೆಳಕಿಗೂ ಸದ್ದಿಗೂ ಕಂಗಾಲಾಗುವ ನಾಲ್ಕು ವರ್ಷದ ಮಗು ಇದನ್ನೆಲ್ಲ ಹಾದು ಬರಬೇಕು. ಏನಾಗುತ್ತಿದೆ ಎಂದು ಕೇಳಲು ಅದಕ್ಕೆ ಮಾತೂ ಇರುವುದಿಲ್ಲ.

ಈ ವಿಧಾನದ ಪರವಾಗಿ ಬಹಳ ಸಲ ಉಲ್ಲೇಖವಾಗುವುದು ಮುಂಬೈನಿಂದ 2013ರಲ್ಲಿ ಪ್ರಕಟವಾದ 32 ಜನರ ಅಧ್ಯಯನ. ಅವರಲ್ಲಿ 29 ಮಂದಿಗೆ, ಅಂದರೆ ಶೇ 91ರಷ್ಟು ಜನರಿಗೆ, ಆಟಿಸಂ ಮಾಪಕದಲ್ಲಿ ಸುಧಾರಣೆ ಕಂಡಿತು ಎಂದು ಅದು ಹೇಳಿತು. ಮೂವರಿಗೆ ಫಿಟ್ಸ್ ಬಂದದ್ದನ್ನೂ ದಾಖಲಿಸಿತು. ಶೇ 91 ಎಂದರೆ ಯಾರ ಮನಸ್ಸಾದರೂ ಅಲುಗಾಡುತ್ತದೆ. ಆದರೆ ಆ ಅಧ್ಯಯನದಲ್ಲಿ ಚಿಕಿತ್ಸೆ ಪಡೆಯದವರ ಹೋಲಿಕೆಯ ಗುಂಪು ಇರಲಿಲ್ಲ. ಇನ್ನೂ ಮುಖ್ಯವಾಗಿ, ಕೋಶಗಳನ್ನು ಕೊಟ್ಟ ನಂತರ ಅವರಿಗೆ ಸ್ಪೀಚ್ ಥೆರಪಿ, ದಿನನಿತ್ಯದ ಕೆಲಸಗಳನ್ನು ರೂಢಿಸುವ ಆಕ್ಯುಪೇಷನಲ್ ಥೆರಪಿ ಮೊದಲಾದವನ್ನೂ ಕೊಡಲಾಗಿತ್ತು. ಹಾಗಾದರೆ ಸುಧಾರಣೆ ಆದದ್ದು ಕೋಶದಿಂದಲೋ, ಥೆರಪಿಯಿಂದಲೋ, ಒಂದು ವರ್ಷ ವಯಸ್ಸು ಹೆಚ್ಚಾದದ್ದರಿಂದಲೋ? ಅಧ್ಯಯನವನ್ನು ಕಟ್ಟಿದ ರೀತಿಯಲ್ಲೇ ಈ ಪ್ರಶ್ನೆಗೆ ಉತ್ತರ ಸಿಗುವ ಅವಕಾಶವಿರಲಿಲ್ಲ.

ಮಾಪಕವನ್ನೇ ಹತ್ತಿರದಿಂದ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ನಮ್ಮಲ್ಲಿ ಆಟಿಸಂ ಪ್ರಮಾಣವನ್ನು ಅಳೆಯಲು, ಅಂಗವೈಕಲ್ಯದ ಪ್ರಮಾಣಪತ್ರ ಕೊಡಲು ಬಳಸುವ, ಮುಂಬೈ ಅಧ್ಯಯನದಲ್ಲೂ ಬಳಸಿದ್ದ 'ಐಸಾ' ಎಂಬ ಭಾರತೀಯ ಮಾಪಕದಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಒಂದು ವರ್ತನೆ ಅಪರೂಪಕ್ಕೆ ಕಂಡರೆ 1, ಸದಾ ಕಂಡರೆ 5. ಒಟ್ಟು 70ರಿಂದ 106 ಬಂದರೆ ಸೌಮ್ಯ, 107ರಿಂದ 153 ಬಂದರೆ ಮಧ್ಯಮ, ಅದಕ್ಕಿಂತ ಹೆಚ್ಚಾದರೆ ತೀವ್ರ. ಮೊದಲ ಅಂಶವೇ ಕಣ್ಣಿಗೆ ಕಣ್ಣು ಕೊಟ್ಟು ನೋಡದಿರುವುದನ್ನು ಕುರಿತದ್ದು. ಚಿಕಿತ್ಸೆಗೆ ಮುನ್ನ, ಕಂಗೆಟ್ಟ ತಾಯಿ 'ಇವನು ಮುಖ ನೋಡುವುದೇ ಇಲ್ಲ' ಎನ್ನುತ್ತಾಳೆ, 5 ಬರೆಯುತ್ತಾರೆ. ಆರು ತಿಂಗಳ ನಂತರ, ಸೈಟು ಮಾರಿ ಮಗುವಿಗೆ ಚಿಕಿತ್ಸೆ ಕೊಡಿಸಿದ ಅದೇ ತಾಯಿ 'ಈಗ ಪರವಾಗಿಲ್ಲ, ಊಟ ಮಾಡಿಸುವಾಗ ನೋಡುತ್ತಾನೆ' ಎನ್ನುತ್ತಾಳೆ. 4 ಅಥವಾ 3 ಬರೆಯುತ್ತಾರೆ. ಆಕೆ ಸುಳ್ಳು ಹೇಳುತ್ತಿಲ್ಲ. ಊಟ ಮಾಡಿಸುವಾಗ ಅವನು ಮೊದಲೂ ಆಗೊಮ್ಮೆ ಈಗೊಮ್ಮೆ ನೋಡುತ್ತಿದ್ದಿರಬಹುದು, ಆಗ ಆ ನೋಟ ಅವಳ ಗಮನಕ್ಕೆ ಬಿದ್ದಿರಲಿಕ್ಕಿಲ್ಲ. ಇಂಥ ಹತ್ತು ಅಂಶಗಳಲ್ಲಿ ಒಂದೊಂದು ಅಂಕ ಇಳಿದರೆ 'ತೀವ್ರ'ದಲ್ಲಿದ್ದ ಮಗು 'ಮಧ್ಯಮ'ಕ್ಕೆ ಬಂದುಬಿಡಬಹುದು. ಅಂಕ ಕೊಡುವವರಿಗೂ ಮಗು ಚಿಕಿತ್ಸೆ ಪಡೆದಿದೆ ಎಂದು ಗೊತ್ತಿದ್ದರೆ, ಅವರಿಗೇ ಅರಿವಿಲ್ಲದಂತೆ ಪೆನ್ನು ಕೆಳಗಿನ ಅಂಕದತ್ತ ಸರಿಯುತ್ತದೆ.

ಈ ಬಗೆಯ ಮೋಸಹೋಗುವಿಕೆಗೆ ಆಟಿಸಂ ಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ದೊಡ್ಡ ಪಾಠವಿದೆ. ಜೀರ್ಣಕ್ರಿಯೆಗೆ ಸಂಬಂಧಿಸಿದ ಸೆಕ್ರಿಟಿನ್ ಎಂಬ ಹಾರ್ಮೋನನ್ನು ಹೊಟ್ಟೆಯ ಪರೀಕ್ಷೆಗಾಗಿ ಪಡೆದ ಮೂರು ಮಕ್ಕಳಲ್ಲಿ ಮಾತು, ನೋಟ ಸುಧಾರಿಸಿತು ಎಂಬ ವರದಿ 1998ರಲ್ಲಿ ಅಮೆರಿಕದಲ್ಲಿ ಬಂತು. ಸುದ್ದಿ ಹಬ್ಬಿ, ಸಾವಿರಾರು ಕುಟುಂಬಗಳು ಅದಕ್ಕಾಗಿ ಮುಗಿಬಿದ್ದವು. ಮರುವರ್ಷ 60 ಮಕ್ಕಳ ಮೇಲೆ ಸರಿಯಾದ ಪರೀಕ್ಷೆ ನಡೆಯಿತು. ಕೆಲವರಿಗೆ ಸೆಕ್ರಿಟಿನ್, ಉಳಿದವರಿಗೆ ಉಪ್ಪುನೀರಿನ ದ್ರಾವಣ. ಯಾರಿಗೆ ಯಾವುದು ಎಂಬುದು ತಂದೆ ತಾಯಿಗೂ ಅಳೆಯುವವರಿಗೂ ತಿಳಿಯದು. ಎರಡೂ ಗುಂಪಿನ ಮಕ್ಕಳು ಸುಧಾರಿಸಿದರು. ಸೆಕ್ರಿಟಿನ್‌ನಿಂದ ವಿಶೇಷ ಪ್ರಯೋಜನವೇನೂ ಕಾಣಲಿಲ್ಲ. ನನ್ನನ್ನು ಕಾಡುವುದು ಆ ಅಧ್ಯಯನದ ಕೊನೆಯ ಸಾಲು: ಫಲಿತಾಂಶವನ್ನು ತಿಳಿಸಿದ ಮೇಲೂ ಶೇ 69ರಷ್ಟು ತಂದೆ ತಾಯಿಯರು ಆ ಔಷಧಿಯಲ್ಲಿ ತಮಗಿನ್ನೂ ಆಸಕ್ತಿ ಇದೆ ಎಂದರು. ಕಣ್ಣೆದುರು ಮಗು ಬದಲಾದದ್ದನ್ನು ಕಂಡವರಿಗೆ ಲೆಕ್ಕಾಚಾರ ಹೇಳಿ ಒಪ್ಪಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕಾಂಡಕೋಶದ ಕಥೆಯೂ ಹೆಚ್ಚುಕಡಿಮೆ ಇದೇ ಹಾದಿಯಲ್ಲಿ ನಡೆಯಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೊಆನ್ ಕರ್ಟ್ಸ್‌ಬರ್ಗ್ ಮತ್ತು ಜೆರಾಲ್ಡಿನ್ ಡಾಸನ್ ನೇತೃತ್ವದ ತಂಡ 25 ಮಕ್ಕಳಿಗೆ, ಅವರು ಹುಟ್ಟಿದಾಗ ಶೇಖರಿಸಿಟ್ಟಿದ್ದ ಅವರದೇ ಹೊಕ್ಕುಳಬಳ್ಳಿಯ ರಕ್ತವನ್ನು ಕೊಟ್ಟು ನೋಡಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ವಿಧಾನ ಸುರಕ್ಷಿತವಾಗಿತ್ತು, ಮಕ್ಕಳ ನಡವಳಿಕೆಯಲ್ಲಿ ಸುಧಾರಣೆಯೂ ಕಂಡಿತ್ತು. ಹೋಲಿಕೆಯ ಗುಂಪಿಲ್ಲ, ಆದ್ದರಿಂದ ಇಷ್ಟರಿಂದ ತೀರ್ಮಾನಕ್ಕೆ ಬರಬೇಡಿ ಎಂದು ಸಂಶೋಧಕರೇ ಹೇಳಿದ್ದರು. ಅವರು ಅಲ್ಲಿಗೇ ನಿಲ್ಲದೆ 2ರಿಂದ 7 ವರ್ಷದ 180 ಮಕ್ಕಳನ್ನು ಸೇರಿಸಿಕೊಂಡು, ಕೆಲವರಿಗೆ ಸ್ವಂತ ಅಥವಾ ದಾನಿಗಳ ಹೊಕ್ಕುಳಬಳ್ಳಿಯ ರಕ್ತ, ಉಳಿದವರಿಗೆ ಪ್ಲಸೀಬೊ, ಅಂದರೆ ಔಷಧದ ಗುಣವಿಲ್ಲದ ತೋರಿಕೆಯ ದ್ರಾವಣ, ಕೊಟ್ಟು, ಯಾರಿಗೆ ಏನು ಎಂಬುದನ್ನು ಮರೆಯಾಗಿಟ್ಟು ಪರೀಕ್ಷೆ ನಡೆಸಿದರು. ಆರು ತಿಂಗಳ ನಂತರ ಸಾಮಾಜಿಕ ಒಡನಾಟದ ಅಳತೆಯಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಇರಲಿಲ್ಲ. ಈ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ 29 ಮಕ್ಕಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ಲಸೀಬೊ ಹೋಲಿಕೆಯ ಪರೀಕ್ಷೆಯೂ ಇದೇ ಮಾತನ್ನು ಹೇಳಿತ್ತು. ಹೋಲಿಕೆಯ ಗುಂಪು ಒಳಗೆ ಬಂದ ಕೂಡಲೇ ಪ್ರಯೋಜನ ಕರಗಿಹೋಯಿತು.

ಡ್ಯೂಕ್ ಪರೀಕ್ಷೆಯ ಒಂದು ಅಂಶವನ್ನು ಬಚ್ಚಿಡಬಾರದು. ಬೌದ್ಧಿಕ ನ್ಯೂನತೆ ಇಲ್ಲದ ಮಕ್ಕಳನ್ನಷ್ಟೇ ಬೇರ್ಪಡಿಸಿ ನೋಡಿದಾಗ, ಸಂವಹನದಂಥ ಕೆಲವು ಅಳತೆಗಳಲ್ಲಿ ಹೊಕ್ಕುಳಬಳ್ಳಿಯ ರಕ್ತ ಪಡೆದವರು ಮುಂದಿದ್ದರು. ಚಿಕಿತ್ಸೆಯ ಪರವಾಗಿರುವವರು ಇದನ್ನೇ ಎತ್ತಿ ಹಿಡಿಯುತ್ತಾರೆ. ಆದರೆ ಮುಖ್ಯ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಬಂದ ಮೇಲೆ ಮಕ್ಕಳನ್ನು ವಯಸ್ಸು, ಬುದ್ಧಿಮಟ್ಟ ಎಂದು ವಿಂಗಡಿಸುತ್ತ ಹೋದರೆ, ಯಾವುದೋ ಒಂದು ಕಡೆ ಆಕಸ್ಮಿಕವಾಗಿಯೇ ವ್ಯತ್ಯಾಸ ಕಾಣಿಸಿಕೊಳ್ಳುವುದು ಸಂಖ್ಯಾಶಾಸ್ತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಅಪಾಯ. ಇಂಥ ಸುಳಿವು ಇನ್ನೊಂದು ಪರೀಕ್ಷೆಗೆ ಕಾರಣವಾಗಬಹುದು. ಚಿಕಿತ್ಸೆಯ ಬಿಲ್ ಬರೆಯಲು ಕಾರಣವಾಗುವಂತಿಲ್ಲ. ಜೊತೆಗೆ, ಡ್ಯೂಕ್‌ನಲ್ಲಿ ಪರೀಕ್ಷೆಗೆ ಒಳಪಟ್ಟದ್ದು ಹೊಕ್ಕುಳಬಳ್ಳಿಯ ರಕ್ತ, ಕೊಟ್ಟದ್ದು ರಕ್ತನಾಳಕ್ಕೆ. ಆ ಪರೀಕ್ಷೆಯ ಹೆಸರು ಹೇಳಿ ಬೆನ್ನುಹುರಿಯ ದ್ರವಕ್ಕೆ ಅಸ್ಥಿಮಜ್ಜೆಯ ಕೋಶಗಳನ್ನು ಬಿಡುವುದನ್ನು ಸಮರ್ಥಿಸಲು ಬರುವುದಿಲ್ಲ. 'ಕಾಂಡಕೋಶ' ಎಂಬ ಒಂದೇ ಪದದ ಅಡಿಯಲ್ಲಿ ಹಲವು ಬೇರೆ ಬೇರೆ ವಸ್ತುಗಳು, ಬೇರೆ ಬೇರೆ ಮಾರ್ಗಗಳು ಇವೆ ಎಂಬುದನ್ನು ಸಲಹೆ ಕೇಳಲು ಬಂದ ಕುಟುಂಬಕ್ಕೆ ಯಾರೂ ಬಿಡಿಸಿ ಹೇಳುವುದಿಲ್ಲ.

ಉಪಯೋಗವಾಗದಿದ್ದರೆ ಬೇಡ, ಸ್ವಂತ ಕೋಶವಲ್ಲವೇ, ತೊಂದರೆಯಂತೂ ಇಲ್ಲವಲ್ಲ ಎಂಬ ಮಾತು ಬಹಳ ಕೇಳಿಬರುತ್ತದೆ. ಅರಿವಳಿಕೆ, ಸೋಂಕು, ಫಿಟ್ಸ್ ಇವೇ ಸಣ್ಣ ಅಪಾಯಗಳಲ್ಲ. ಬೇರೆ ಕಾಯಿಲೆಗಳಲ್ಲಿ ಇನ್ನೂ ಘೋರವಾದದ್ದು ನಡೆದಿದೆ. ಅಪರೂಪದ ನರರೋಗವಿದ್ದ ಇಸ್ರೇಲಿನ ಬಾಲಕನೊಬ್ಬನಿಗೆ ಮಾಸ್ಕೊದಲ್ಲಿ ಭ್ರೂಣದ ನರ ಕಾಂಡಕೋಶಗಳನ್ನು ಹಾಕಿಸಿದ್ದರು. ವರ್ಷಗಳ ನಂತರ ಅವನ ಮಿದುಳಿನಲ್ಲಿ ಬೆಳೆದ ಗಡ್ಡೆ ದಾನಿಯ ಕೋಶಗಳಿಂದಲೇ ಹುಟ್ಟಿದ್ದು ಎಂದು 2009ರಲ್ಲಿ ದಾಖಲಾಯಿತು. ಫ್ಲಾರಿಡಾದಲ್ಲಿ ಸ್ವಂತ ಕೊಬ್ಬಿನಿಂದ ತೆಗೆದ ಕೋಶಗಳನ್ನು ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರು ದೃಷ್ಟಿ ಕಳೆದುಕೊಂಡದ್ದನ್ನು 2017ರಲ್ಲಿ ವೈದ್ಯರು ವರದಿ ಮಾಡಿದರು. ಸ್ವಂತ ಕೋಶ ಎಂಬುದು ಸುರಕ್ಷತೆಯ ಖಾತರಿಯಲ್ಲ.

ಭಾರತದಲ್ಲಿ ಈ ವಿಷಯಕ್ಕೆ ನಿಯಮವೇ ಇರಲಿಲ್ಲ ಎನ್ನಲಾಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2007ರಿಂದಲೂ ಮಾರ್ಗಸೂಚಿ ಹೊರಡಿಸುತ್ತ ಬಂದಿದೆ. 2017ರ ಮಾರ್ಗಸೂಚಿಯಂತೆ, ರಕ್ತಸಂಬಂಧಿ ಕಾಯಿಲೆಗಳ ಅಸ್ಥಿಮಜ್ಜೆ ಕಸಿಯನ್ನು ಬಿಟ್ಟರೆ ಉಳಿದೆಲ್ಲ ಕಾಂಡಕೋಶ ಬಳಕೆ ಟ್ರಯಲ್‌ನ ಒಳಗೆ ಮಾತ್ರ ನಡೆಯಬೇಕು, ಹೊರಗೆ ನಡೆದರೆ ಅದು ಅನೈತಿಕ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮತ್ತು ನೋಂದಣಿ ಮಂಡಳಿಯೂ 2022ರ ಡಿಸೆಂಬರ್‌ನಲ್ಲಿ, ಆಟಿಸಂಗೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು, ಅದನ್ನು ಕೊಡುವುದು, ಪ್ರಚಾರ ಮಾಡುವುದು ವೃತ್ತಿದುರ್ನಡತೆ ಎಂದು ಹೇಳಿತು. ಆದರೆ ಮಾರ್ಗಸೂಚಿಗೆ ಕಾನೂನಿನ ಹಲ್ಲಿಲ್ಲ. ಇನ್ನೊಂದು ಕಡೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು, ಕೋಶಗಳನ್ನು ಗಣನೀಯವಾಗಿ ಮಾರ್ಪಡಿಸಿ ತಯಾರಿಸಿದ್ದನ್ನು ಮಾತ್ರ ಹೊಸ ಔಷಧದ ಸಾಲಿಗೆ ಸೇರಿಸುತ್ತವೆ. ತೊಳೆಯುವುದು, ಯಂತ್ರದಲ್ಲಿ ತಿರುಗಿಸಿ ಬೇರ್ಪಡಿಸುವುದು ಇವನ್ನು ಅಂಥ ಮಾರ್ಪಾಡೆಂದು ಎಣಿಸುವುದಿಲ್ಲ. ಅಸ್ಥಿಮಜ್ಜೆ ತೆಗೆದು ಅದೇ ದಿನ ಅದೇ ಮಗುವಿಗೆ ಕೊಡುವ ವಿಧಾನ ಈ ಸಂದಿನಲ್ಲಿ ನುಸುಳಿಕೊಂಡು ವರ್ಷಗಟ್ಟಲೆ ನಡೆಯಿತು.

ಸುಪ್ರೀಂ ಕೋರ್ಟ್ ಮುಚ್ಚಿದ್ದು ಆ ಸಂದನ್ನು. ಅದರ ತರ್ಕದಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಒಪ್ಪಿಗೆಯ ಕುರಿತ ಭಾಗ. ತಂದೆ ತಾಯಿ ಸಹಿ ಹಾಕಿದ್ದಾರಲ್ಲ, ಅವರ ಮಗು, ಅವರ ದುಡ್ಡು ಎಂಬ ವಾದಕ್ಕೆ ಸಿಗುವ ಉತ್ತರ ಇದು: ಸರಿಯಾದ ಒಪ್ಪಿಗೆಗೆ ಸರಿಯಾದ ಮಾಹಿತಿ ಬೇಕು, ಪ್ರಯೋಜನದ ಬಗ್ಗೆ ನಂಬಲರ್ಹ ಮಾಹಿತಿಯೇ ಇಲ್ಲದಿರುವಾಗ ವೈದ್ಯರು ಕೊಡುವುದಾದರೂ ಏನನ್ನು, ಪೋಷಕರು ಒಪ್ಪುವುದಾದರೂ ಯಾವುದಕ್ಕೆ? ಇದರಿಂದ ಸಂಶೋಧನೆಯ ಬಾಗಿಲು ಮುಚ್ಚಿಲ್ಲ. ಟ್ರಯಲ್ ಆದರೆ ಅದು ಸಾರ್ವಜನಿಕವಾಗಿ ನೋಂದಣಿಯಾಗಿರಬೇಕು, ನೀತಿ ಸಮಿತಿ ನೋಡಿರಬೇಕು, ಪರೀಕ್ಷೆಗೆ ಒಳಗಾಗುವ ಮಗುವಿನ ಕಡೆಯವರಿಂದ ಪರೀಕ್ಷಿಸುತ್ತಿರುವ ಚಿಕಿತ್ಸೆಗೆ ಹಣ ಕೇಳಬಾರದು, ಹಾನಿಯಾದರೆ ಪರಿಹಾರ ಕೊಡಬೇಕು, ಫಲಿತಾಂಶ ಏನೇ ಬಂದರೂ ದಾಖಲಾಗಬೇಕು. ಕ್ಲಿನಿಕ್‌ನಲ್ಲಿ ಇದೆಲ್ಲ ತಿರುಗುಮುರುಗಾಗಿತ್ತು. ಪ್ರಯೋಗದ ಅಪಾಯವೂ ಕುಟುಂಬದ್ದೇ, ಖರ್ಚೂ ಕುಟುಂಬದ್ದೇ. ಅಷ್ಟು ಮಕ್ಕಳ ಮೇಲೆ ನಡೆದದ್ದರಿಂದ ಮುಂದಿನ ಮಗುವಿಗೆ ಉಪಯುಕ್ತವಾಗುವ ಒಂದು ಗಟ್ಟಿ ತಿಳಿವೂ ಉಳಿಯಲಿಲ್ಲ. ಈ ನಷ್ಟ ಹಣದ ನಷ್ಟಕ್ಕಿಂತ ದೊಡ್ಡದು ಎಂದೇ ನಾನು ನಂಬಿದ್ದೇನೆ.

ಆದರೂ ತೀರ್ಪೊಂದರಿಂದಲೇ ಈ ಮಾರುಕಟ್ಟೆ ಒಣಗುವುದಿಲ್ಲ, ಏಕೆಂದರೆ ಅದು ಬೆಳೆದದ್ದು ಖಾಲಿ ಜಾಗದಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಒಳ್ಳೆಯ ತಪಾಸಣೆ, ತರಬೇತಿ ದೊರೆಯುತ್ತದೆ. ಆದರೆ ಯಾದಗಿರಿಯಲ್ಲಿ ದಿನಗೂಲಿ ಮಾಡುವವರು ವಾರಕ್ಕೆ ಎರಡು ಸಲ ಮಗುವನ್ನು ಮೈಸೂರಿಗೆ ಕರೆತರುವುದು ಆಗುವ ಮಾತಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವು ಕೊಡುವ ಕೇಂದ್ರಗಳನ್ನು ತೆರೆಯುವ ಯೋಜನೆ 2013ರಿಂದ ಇದೆ; ಅಲ್ಲಿ ಸ್ಪೀಚ್ ಥೆರಪಿಸ್ಟ್, ಮನಃಶಾಸ್ತ್ರಜ್ಞರ ಹುದ್ದೆಗಳು ಭರ್ತಿಯಾಗಿ, ಕೆಲಸ ನಿರಂತರವಾಗಿ ನಡೆದರೆ ಕಾಂಡಕೋಶದ ಜಾಹೀರಾತಿಗೆ ಮರುಳಾಗುವವರ ಸಂಖ್ಯೆ ತಾನಾಗಿ ಇಳಿಯುತ್ತದೆ. ಆಟಿಸಂ ಇರುವ ವಯಸ್ಕರಲ್ಲಿ ಹಲವರು, ತಾವು ಕೆಟ್ಟುಹೋದ ಯಂತ್ರಗಳಲ್ಲ, ತಮ್ಮನ್ನು 'ಗುಣಪಡಿಸುವ' ಹಂಬಲದ ಬದಲು ತಮಗೆ ಬೇಕಾದ ನೆರವು ಕೊಡಿ ಎನ್ನುತ್ತಿದ್ದಾರೆ. ಆ ಮಾತು ನೀತಿ ರೂಪಿಸುವವರ ಕಿವಿಗೂ ಬೀಳಬೇಕು.

ನೆರವು ಎಂದರೆ ದುಬಾರಿ ಉಪಕರಣಗಳೇ ಆಗಬೇಕಿಲ್ಲ ಎಂಬುದಕ್ಕೆ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳನ್ನು ಸೇರಿಸಿಕೊಂಡು ನಡೆದು, 2016ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ನಿದರ್ಶನ. ಅದರಲ್ಲಿ ಹೋಲಿಕೆಯ ಗುಂಪೂ ಇತ್ತು. ತಜ್ಞರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ತಾಯಿ ಮಗು ಆಡುವುದನ್ನು ವಿಡಿಯೊ ಮಾಡಿ, ಅದನ್ನು ತಾಯಿಯೊಂದಿಗೆ ಕೂತು ನೋಡುತ್ತಿದ್ದರು. ಮಗು ಚೆಂಡಿನತ್ತ ಒಂದು ಕ್ಷಣ ಕಣ್ಣು ಹಾಯಿಸಿದೆ, ಅಷ್ಟರಲ್ಲಿ ತಾಯಿ ಬೇರೆ ಗೊಂಬೆಯನ್ನು ಮುಂದೆ ಹಿಡಿದಿದ್ದಾಳೆ. ಇಂಥ ಗಳಿಗೆಗಳನ್ನು ಗುರುತಿಸುವುದನ್ನು ಅವಳಿಗೆ ಕಲಿಸುತ್ತಿದ್ದರು. ತಿಂಗಳುಗಳ ನಂತರ, ತರಬೇತಿ ಪಡೆದ ತಾಯಂದಿರು ಮಗುವಿನ ಗಮನ ಹೋದ ಕಡೆಗೇ ತಾವೂ ಹೋಗುವುದನ್ನು ಕಲಿತಿದ್ದರು, ಅವರ ಮಕ್ಕಳು ತಾವಾಗಿ ತಾಯಿಯೊಡನೆ ಒಡನಾಡಲು ಮುಂದಾಗುವುದು ಹೋಲಿಕೆಯ ಗುಂಪಿನವರಿಗಿಂತ ಹೆಚ್ಚಿತ್ತು.